ಬೆಳಗದ ಗುಳಿ

ಕೆಂಡದ ಮೇಲೆ ಹಾಕಿದ ಮೆಣಸಿನಕಾಯಿ ಸಿಡಿದು ಕರಕಾದರೂ ಘಾಟು ಬರಲಿಲ್ಲ. ಶಂಕ್ರವ್ವನಿಗೆ ಅಷ್ಟೇ ಸಾಕಾಯಿತು. ಬಾಣಂತಿ ಮಗಳು ದಾಕ್ಷಾಯಣಿಗೂ ಅವಳ ಮಡಿಲಲ್ಲಿ ಅಳುತ್ತಿದ್ದ ಕೂಸಿಗೂ ಉಪ್ಪು ಮೆಣಸಿನಕಾಯಿ ನಿವಾಳಿಸಿ ಅವಳು ಆಗಷ್ಟೇ ಕೆಂಡಕ್ಕೆ ಹಾಕಿದ್ದಳು. ಘಾಟಿಗೆ ಕೆಮ್ಮು ಬಂದರೆ ದೃಷ್ಟಿಯಿಲ್ಲ, ಬರದಿದ್ದರೆ ಇದೆ. ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಇದಕ್ಕಿಂತ ದೊಡ್ಡ ಪುರಾವೆಯನ್ನು ಯಾರೂ ಕೇಳುತ್ತಿರಲಿಲ್ಲ.

“ನಾ ಹೇಳಿದ್ನಿಲ್ಲ? ಆ ತುಳಜಾಬಾಯಿದ ಕಣ್ಣು. ಎಷ್ಟ ದುಂಡಗೈತಿ ಕೂಸು, ತಾಯಿ ಹಾಲು ಭಾಳ ಚಲೋ ಇದ್ದಂಗೈತಿ ಅಂತ ಬಾಯಿ ತುಂಬ ಅಂದು ಹೋದ್ಲು. ಅವತ್ತಿಂದ ಎದಿ ಬತ್ತಾಕ ಹತ್ತೇತಿ.”

ಹಿರಿಮಗಳು ನೀಲಾಂಬಿಕಾ ಅಡುಗೆಮನೆಯ ಬಾಗಿಲಲ್ಲಿ ಬಾಟಲಿಯ ಹಾಲು ಆರಿಸುತ್ತ ನಿಂತಿದ್ದಳು. ಮೆಣಸಿನಕಾಯಿ ಬ್ಯಾಡಗಿಯದು. ಬಣ್ಣ ಹೆಚ್ಚು, ಖಾರ ಕಡಿಮೆ, ಅದೂ ಹೋದ ವರ್ಷದ್ದು. ಹಾಗೆಂದು ಹೇಳಬಹುದಿತ್ತು. ಹೇಳಿದರೆ ಅವ್ವ, ಹಾಗಾದರೆ ಹಾಲು ಯಾಕೆ ಬತ್ತಿತು ಹೇಳು, ನೀನು ಕಲಿತವಳು, ಎನ್ನುತ್ತಿದ್ದಳು. ಆ ಪ್ರಶ್ನೆ ಬಾರದಿರಲಿ ಎಂದೇ ನೀಲಾ ಬಾಯಿ ಬಿಡಲಿಲ್ಲ. ಅವಳು ಸುಮ್ಮನಿದ್ದಷ್ಟೂ ಪಕ್ಕದ ಮನೆಯ ತುಳಜಾಬಾಯಿಯ ಮೇಲಿನ ಅಪವಾದ ಗಟ್ಟಿಯಾಗುತ್ತ ಹೋಯಿತು.

ತುಳಜಾಬಾಯಿ ಹೊಲಿಗೆ ಮಾಡುವ ಹೆಂಗಸು. ದಾಕ್ಷಿಯ ಮೊದಲ ಮಗನಿಗೆ ತಲೆಗೆ ಕಟ್ಟುವ ಕುಂಚಿಗೆ ಹೊಲಿದವಳು ಅವಳೇ, ಈ ಕೂಸಿಗೆ ಹೊಲಿದವಳೂ ಅವಳೇ. ಈಗ ಅವಳು ಬಂದಾಗಲೆಲ್ಲ ಶಂಕ್ರವ್ವ ಹೊಸ್ತಿಲಿಗೆ ಅಡ್ಡ ನಿಂತು ಕೂಸು ಮಲಗಿದೆ ಎನ್ನುತ್ತಿದ್ದಳು. ಒಳಗೆ ಕೂಸು ಕಿರುಚಿ ಅಳುತ್ತಿದ್ದರೂ ಹಾಗೇ ಎನ್ನುತ್ತಿದ್ದಳು. ತುಳಜಾಬಾಯಿ ಏನೂ ಕೇಳದೆ ಹಿಂದಿರುಗುತ್ತಿದ್ದಳು.

ನೀಲಾ ಕೆಲಸ ಮಾಡುತ್ತಿದ್ದದ್ದು ರೋಗಗಳಿಗೆ ಮದ್ದು ಹುಡುಕುವ ಕಾವಲು ಕೇಂದ್ರದಲ್ಲಿ. ಊರಿನ ಹಳೆಯ ಹತ್ತಿ ಗಿರಣಿಯ ಗೋದಾಮನ್ನೇ ಶುಚಿಮಾಡಿ ಅಲ್ಲಿ ಪ್ರಯೋಗಶಾಲೆ ಕಟ್ಟಿದ್ದರು. ಚಳಿ ಬಿದ್ದೊಡನೆ ಬಂದು ಪುಪ್ಪುಸ, ಅಂದರೆ ಶ್ವಾಸಕೋಶ, ಹಿಡಿಯುವ ಮಾಗಿ ಜ್ವರ ಓಣಿಗೆ ಒಬ್ಬಿಬ್ಬರನ್ನು ಒಯ್ಯುತ್ತಿದ್ದ ಕಾಲವದು. ನೀಲಾಳ ಅಪ್ಪನನ್ನೂ ಅದೇ ಜ್ವರ ಒಯ್ದಿತ್ತು. ಹಗಲು ರಕ್ತ ಪರೀಕ್ಷೆಯ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಕಲಿತು, ಪದವಿ ಮುಗಿಸಿ ಅವಳು ಆ ಕೇಂದ್ರ ಸೇರಿದ್ದಳು. ಜೀವಕೋಶಗಳನ್ನು ತರುವುದು, ಸಾಕುವುದು, ಬೆಳೆಸುವುದು ಅವಳ ಕೆಲಸ. ಮನೆಗೆ ಬಂದ ಮೇಲೂ ಕೋಶಗಳ ಪೆಟ್ಟಿಗೆಯ ಬಾಗಿಲು ಸರಿಯಾಗಿ ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ಫೋನ್ ಮಾಡಿ ಕೇಳುವ ಸ್ವಭಾವ. ಅಂಥವಳ ಕೈಯಿಂದಲೇ ಅದು ಆಗಿತ್ತು.

ಆ ಜ್ವರ ತಡೆಯಲು ಕೇಂದ್ರದವರು ಮಾಡಿದ ಕಾವಲು ಸೂಜಿಮದ್ದಿನ ಹಿಂದಿನ ಯೋಚನೆ ಸರಳ. ರೋಗದ ವಿರುದ್ಧ ಕಾದಾಡುವ ಒಂದು ಪ್ರೋಟೀನಿನ ಜೀನನ್ನು ಮೈಯ ಎಲ್ಲ ಕೋಶಗಳಿಗೂ ಮುಟ್ಟಿಸುವುದು, ಆದರೆ ಅದು ಪುಪ್ಪುಸದ ಒಳಪದರದಲ್ಲಿ ಮಾತ್ರ ಎಚ್ಚರವಾಗುವಂತೆ ನೋಡಿಕೊಳ್ಳುವುದು. ಯಕೃತ್ತಿನ ಕೋಶದಲ್ಲೂ ಚರ್ಮದ ಕೋಶದಲ್ಲೂ ಇರುವ ಜೀನುಗಳು ಒಂದೇ. ಯಾವುದು ಎಲ್ಲಿ ಎಚ್ಚರವಾಗಬೇಕೆಂದು ತೀರ್ಮಾನಿಸುವುದು ಜೀನಿನ ಮುಂದಿರುವ ಒಂದು ತುಣುಕು. ಪುಸ್ತಕದಲ್ಲಿ ಅದಕ್ಕೆ ಪ್ರವರ್ತಕ ಎಂದು ಹೆಸರು. ಕೇಂದ್ರದವರು ಅದನ್ನು ಹೊಸ್ತಿಲು ಎನ್ನುತ್ತಿದ್ದರು. ಕೋಶದೊಳಗೆ ಓಡಾಡುವ ಕೆಲವು ಪ್ರೋಟೀನುಗಳು ಆ ಹೊಸ್ತಿಲ ಮೇಲಿನ ಗುರುತು ಹಿಡಿದು ಬಂದು ನಿಂತರೆ ಬಾಗಿಲು ತೆರೆಯುತ್ತದೆ, ಜೀನು ಕೆಲಸಕ್ಕೆ ಇಳಿಯುತ್ತದೆ. ಗುರುತು ಹಿಡಿಯುವವರು ಆ ಕೋಶದಲ್ಲಿ ಇಲ್ಲದಿದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ.

ತಾವು ಆರಿಸಿದ ಹೊಸ್ತಿಲು ಬೇರೆಲ್ಲೂ ತೆರೆಯುವುದಿಲ್ಲ ಎಂದು ಖಾತ್ರಿಮಾಡಿಕೊಳ್ಳಲು ಅದರ ಹಿಂದೆ ಮಿಂಚುಹುಳದ ಬೆಳಕಿನ ಜೀನನ್ನು ಜೋಡಿಸಿದರು. ಪಡ್ಡಿನ ಹಂಚಿನಂತೆ ಗುಳಿಗಳಿರುವ ಅಂಗೈಯಗಲದ ಪ್ಲೇಟು. ಒಂದೊಂದು ಗುಳಿಯಲ್ಲಿ ಮೈಯ ಒಂದೊಂದು ಭಾಗದ ಕೋಶ. ಯಾವ ಗುಳಿ ಬೆಳಗುತ್ತದೋ ಅಲ್ಲಿ ಹೊಸ್ತಿಲು ತೆರೆದಿದೆ ಎಂದರ್ಥ. ಪುಪ್ಪುಸದ ಗುಳಿ ಬೆಳಗಿತು. ಮಿಕ್ಕ ಗುಳಿಗಳೆಲ್ಲ ಕತ್ತಲಾಗಿದ್ದವು, ಎದೆಯ ಕೋಶದ ಗುಳಿಯೂ. ಕೇಂದ್ರದವರು ಅವತ್ತು ಧಾರವಾಡ ಪೇಡೆ ಹಂಚಿದರು. ನೀಲಾ ತನ್ನ ಪಾಲಿನ ಪೇಡೆಯನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದು ಅವ್ವನ ಕೈಗಿಟ್ಟಿದ್ದಳು.

ಸೂಜಿ ಊರೂರಿಗೆ ಹೋಯಿತು. ಬಸುರಿಯರನ್ನೂ ಮೊಲೆಯೂಡಿಸುವವರನ್ನೂ ಬಿಟ್ಟು ಉಳಿದವರೆಲ್ಲ ಹಾಕಿಸಿಕೊಂಡರು. ಮಾಗಿ ಬಂತು, ಜ್ವರ ಬರಲಿಲ್ಲ. ಮೊದಲ ಮಗ ಮೊಲೆ ಬಿಟ್ಟ ಮೇಲೆ ದಾಕ್ಷಿಯೂ ಹಾಕಿಸಿಕೊಂಡಳು. ಅಕ್ಕನ ಕೇಂದ್ರದ ಸೂಜಿ ಎಂದು ಗಂಡನ ಮನೆಯಲ್ಲಿ ಎಲ್ಲರೆದುರು ಹೇಳಿಕೊಂಡಿದ್ದಳಂತೆ. ಈಗ ಅವಳಿಗೆ ಎರಡನೆಯ ಹೆರಿಗೆ. ಹಾಲು ಬಂತು, ತುಸು ದಿನ ಚೆನ್ನಾಗಿಯೇ ಬಂತು, ಆಮೇಲೆ ಎದೆ ಕೆಂಪಾಗಿ, ಗಂಟಾಗಿ, ಬತ್ತತೊಡಗಿತು.

ಮೆಣಸಿನಕಾಯಿ ಸುಟ್ಟ ಮರುದಿನ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಸಬಿಹಾ ಮುಲ್ಲಾ ಎಲ್ಲರನ್ನೂ ಕರೆದರು. ಗದಗದಿಂದ, ಹಾವೇರಿಯಿಂದ, ಕೊಪ್ಪಳದಿಂದ ಹೆರಿಗೆ ವಾರ್ಡಿನ ವೈದ್ಯರು ಒಂದೇ ಮಾತು ಬರೆಯುತ್ತಿದ್ದಾರೆ ಎಂದರು. ಸೂಜಿ ಹಾಕಿಸಿಕೊಂಡು ಆಮೇಲೆ ಬಸುರಾದವರಲ್ಲಿ ಹಲವರಿಗೆ ಹಾಲು ನಿಲ್ಲುತ್ತಿದೆ. ಅಲ್ಲಿ ಉಣ್ಣಲು ಹಾಲಿಲ್ಲದ ಕೂಸುಗಳು, ಪುಡಿ ಹಾಲಿಗೆ ನೀರು ಹೆಚ್ಚು ಬೆರೆಸುವ ಮನೆಗಳು. ಹೇಳುವಾಗ ಅವರ ದನಿ ಏರಲಿಲ್ಲ. ಏರಿದ್ದರೆ ನೀಲಾಳಿಗೆ ತುಸು ಹಗುರವಾಗುತ್ತಿತ್ತೇನೋ.

ಸಭೆ ಚದುರಿದ ಮೇಲೆ ಅವರು ನೀಲಾಳನ್ನು ಒಬ್ಬಳನ್ನೇ ನಿಲ್ಲಿಸಿಕೊಂಡರು.

“ನೀಲಾ, ಆ ಎದಿ ಗುಳಿಯೊಳಗ ಹಾಕಿದ್ದು ಹಾಲಿನ ಕೋಶ ಹೌದಲ್ರೀ?”

ನಾಲ್ಕು ವರ್ಷದಿಂದ ನೀಲಾ ಈ ಪ್ರಶ್ನೆಗಾಗಿಯೇ ಕಾದಿದ್ದಳು. ಸ್ಟೂಲನ್ನು ಎಳೆದುಕೊಳ್ಳದೆ ಗೋಡೆಗೆ ಒರಗಿ ನಿಂತಳು. ಅಲ್ಲ ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು.

ನಡೆದದ್ದು ಇಷ್ಟೇ. ತಾಯಿಯ ಹಾಲಿನಲ್ಲಿ ಹಾಲು ಮಾಡುವ ಜೀವಂತ ಕೋಶಗಳೂ ತೇಲಿ ಬರುತ್ತವೆ. ಒಂದು ಸಣ್ಣ ಬಟ್ಟಲಿನಷ್ಟು ಹಾಲು ಸಿಕ್ಕರೆ ಅವುಗಳನ್ನು ಸೋಸಿ ಬೆಳೆಸಬಹುದು. ಪರೀಕ್ಷೆಯ ಪ್ಲೇಟಿಗೆ ಅದೇ ಬೇಕು, ಯಾರಾದರೂ ಬಾಣಂತಿಯಿಂದ ತನ್ನಿ ಎಂದು ಅವತ್ತು ಡಾಕ್ಟರ್ ಹೇಳಿದ್ದರು. ಮನೆಯಲ್ಲೇ ಬಾಣಂತಿಯಿದ್ದಳು. ಆಗ ದಾಕ್ಷಿ ಮೊದಲ ಮಗನನ್ನು ಹೆತ್ತು ತವರಿಗೆ ಬಂದಿದ್ದಳು. ಕುಬುಸ ತೊಯ್ಯುವಷ್ಟು ಹಾಲು. ನೀಲಾ ಅವ್ವನನ್ನು ಕೇಳಿದಳು. ಶಂಕ್ರವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಮಗಳನ್ನು ದಿಟ್ಟಿಸಿದ್ದಳು. ಬಾಣಂತಿಯ ಹಾಲು ಹೊಸ್ತಿಲು ದಾಟಿದರೆ ಎದೆ ಬತ್ತುತ್ತದೆ. ಒಲೆಗೆ ಒಂದು ಹನಿ ಬಿದ್ದರೂ ಬತ್ತುತ್ತದೆ. ಅಂಥದ್ದರಲ್ಲಿ ಸೀಸೆಯಲ್ಲಿ ತುಂಬಿಕೊಂಡು ಗಿರಣಿಗೆ ಒಯ್ಯುತ್ತೀಯಾ, ಮದುವೆಯಾಗಿ ಹೆತ್ತಿದ್ದರೆ ನಿನಗೆ ತಿಳಿಯುತ್ತಿತ್ತು, ಎಂದಿದ್ದಳು.

ಕೊನೆಯ ಮಾತು ತಾಗುವ ಕಡೆ ತಾಗಿತ್ತು. ಆಮೇಲೆ ಬೇರೆ ಬಾಣಂತಿಯನ್ನು ಕೇಳಲು ನೀಲಾಳಿಗೆ ಬಾಯಿ ಬರಲಿಲ್ಲ. ಹೆರಿಗೆ ವಾರ್ಡಿನ ಬಾಗಿಲವರೆಗೆ ಒಮ್ಮೆ ಹೋದಳು. ಮಂಚಗಳ ಮೇಲಿನ ಹೆಂಗಸರೂ ಅವರ ಕಾಲ ಬಳಿ ಕೂತ ಅತ್ತೆಯರೂ ಒಟ್ಟಿಗೆ ತನ್ನತ್ತ ನೋಡಿದಂತಾಗಿ ಹಿಂದಿರುಗಿದಳು. ಕೇಂದ್ರದ ಶೀತಪೆಟ್ಟಿಗೆಯಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಎದೆಯ ಕೋಶವಿತ್ತು. ಅರವತ್ತು ದಾಟಿದ ಯಾರೋ ತಾಯಿಯದು, ಹಾಲು ಬತ್ತಿ ಎಷ್ಟೋ ವರ್ಷವಾದದ್ದು. ಅದನ್ನೇ ಗುಳಿಗೆ ಹಾಕಿದಳು. ಎದೆಯ ಕೋಶ ಹಾಕಿದೆಯಾ ಎಂದು ಡಾಕ್ಟರ್ ಕೇಳಿದಾಗ ಹಾಕಿದ್ದೇನೆ ಎಂದಳು. ಆ ಮಾತು ಸುಳ್ಳಲ್ಲ ಎಂದು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಳೋ.

ಡಾಕ್ಟರ್ ಸಬಿಹಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಒರೆಸಿದರು.

“ಇನ್ನೊಂದ ಮಾತ ಕೇಳಬೇಕಿತ್ತು ನಾನು, ಯಾರ ಎದಿ ಅಂತ,” ಎಂದರು ಕೊನೆಗೆ. “ಕೇಳಲಿಲ್ಲ. ಗುಳಿ ಕತ್ತಲ ಇತ್ತು, ನನಗ ಅದ ಬೇಕಾಗಿತ್ತು.”

ಅದು ಸಮಾಧಾನದ ಮಾತಾಗಿರಲಿಲ್ಲ. ಸಮಾಧಾನ ಮಾಡಲಿ ಎಂದು ನೀಲಾ ಬಯಸಿದ್ದೂ ಇಲ್ಲ. ತನ್ನ ತಪ್ಪಿನಲ್ಲಿ ಇನ್ನೊಬ್ಬರು ಪಾಲು ತೆಗೆದುಕೊಂಡರೆ ತನ್ನ ಪಾಲು ಕಡಿಮೆಯಾಗುತ್ತದೆಯೇ ಎಂದು ಯೋಚಿಸಿ, ಹಾಗೆ ಯೋಚಿಸಿದ್ದಕ್ಕೂ ನಾಚಿದಳು.

ಏನಾಗಿರಬಹುದೆಂದು ಡಾಕ್ಟರ್ ಹಲಗೆಯ ಮೇಲೆ ಬರೆದು ತೋರಿಸಿದರು. ಹೆರಿಗೆಯಾದ ಮೇಲೆ ಹಾಲು ಮಾಡು ಎಂಬ ಸುದ್ದಿಯನ್ನು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಎದೆಗೆ ತರುತ್ತದೆ. ಆ ಸುದ್ದಿಯನ್ನು ಕೋಶದ ಒಳಗೆ ಒಯ್ಯುವ ಪ್ರೋಟೀನು, ಪುಪ್ಪುಸದಲ್ಲಿ ರೋಗದ ಸುದ್ದಿ ಒಯ್ಯುವ ಪ್ರೋಟೀನಿನ ಒಡಹುಟ್ಟು. ಇಬ್ಬರೂ ನಿಲ್ಲುವುದು ಹೊಸ್ತಿಲ ಮೇಲಿನ ಒಂದೇ ಬಗೆಯ ಗುರುತಿನ ಮೇಲೆ. ಹಾಲಿಲ್ಲದ ಎದೆಯಲ್ಲಿ ಆ ಒಡಹುಟ್ಟು ನಿದ್ದೆಯಲ್ಲಿರುತ್ತದೆ, ಅದಕ್ಕೇ ಗುಳಿ ಕತ್ತಲಾಗಿತ್ತು. ಹಾಲು ಬಂದ ಎದೆಯಲ್ಲಿ ಅದು ಎದ್ದು ಬಂದು ಹೊಸ್ತಿಲ ಮೇಲೆ ನಿಂತಿರಬೇಕು. ಕಾವಲಿನ ಜೀನು ಎಚ್ಚೆತ್ತಿರಬೇಕು. ಇಲ್ಲದ ಶತ್ರುವಿನ ಜೊತೆ ಎದೆ ಕಾದಾಡಿ, ಬಾವು ಬಂದು, ಹಾಲಿನ ಕೆಲಸವನ್ನೇ ನಿಲ್ಲಿಸುತ್ತಿರಬೇಕು.

ಆಪತ್ತಿಗಿರಲಿ ಎಂದು ಕಾವಲು ಜೀನಿನ ಬಾಯಿ ಮುಚ್ಚಿಸುವ, ಚಿಲಕವೆಂದು ಕರೆಯುವ ಒಂದು ಮದ್ದನ್ನೂ ಅವರು ಸೂಜಿಯ ಜೊತೆಗೇ ಮಾಡಿಟ್ಟಿದ್ದರು. ಅದನ್ನು ಹಾಲಿನ ಕೋಶಕ್ಕೆ ಹೇಗೆ ಮುಟ್ಟಿಸಬೇಕು, ಎಷ್ಟು ಕೊಡಬೇಕು, ಹಾಲಿಗೆ ಕೆಡುಕಾಗುತ್ತದೆಯೇ ಎಂದು ನೋಡಲು ಹಾಲಿನ ಕೋಶಗಳೇ ಬೇಕು. ತಡವಾದರೆ ಎದೆ ಪೂರ್ತಿ ಮಲಗಿಬಿಡುತ್ತದೆ. ಆಮೇಲೆ ಯಾವ ಚಿಲಕದಿಂದಲೂ ಪ್ರಯೋಜನವಿಲ್ಲ. ವಾರ್ಡುಗಳಲ್ಲಿ ಕೇಳಿಸಿದ್ದಾರಂತೆ, ಬತ್ತುತ್ತಿರುವ ಎದೆಯ ಕೊನೆಯ ಹನಿಗಳನ್ನು ಸೀಸೆಗೆ ಕೊಡಲು ಯಾವ ತಾಯಿಯೂ ಒಪ್ಪಿಲ್ಲ.

“ನಿಮ್ಮ ತಂಗಿ ಬಾಣಂತಿ ಅದಾರಲ್ರೀ,” ಎಂದರು ಡಾಕ್ಟರ್. ಮುಂದಿನ ಮಾತನ್ನು ಅವರು ಆಡಲಿಲ್ಲ.

ಮಧ್ಯಾಹ್ನ ನೀಲಾ ಮನೆ ಮುಟ್ಟಿದಾಗ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಮುಚ್ಚಿದ ಡಬ್ಬಿಯೊಂದಿತ್ತು. ಅಳವಿ ಪಾಯಸ. ಹಾಲು ಹೆಚ್ಚಲಿ ಎಂದು ಬಾಣಂತಿಯರಿಗೆ ಕೊಡುವುದು. ತುಳಜಾಬಾಯಿ ಇಟ್ಟು ಹೋಗಿದ್ದಳು, ಕೂಗದೆ, ಬಾಗಿಲು ಬಡಿಯದೆ. ಶಂಕ್ರವ್ವ ಅದನ್ನು ಬೀದಿಯ ಎಮ್ಮೆಗೆ ಸುರಿಯಲು ಹೊರಗೆ ಬಂದಿದ್ದಳು. ನೀಲಾ ಅವಳ ಕೈ ಹಿಡಿದಳು.

“ಆಕಿ ಕಣ್ಣಲ್ಲವ್ವಾ. ನಂದು. ನನ್ನ ಕೈಯಿಂದ ಆಗೇತಿ.”

ಒಳಗೆ ಕೂತು, ತಡವರಿಸುತ್ತ, ಪ್ರವರ್ತಕವೆಂಬ ಮಾತನ್ನೇ ಎತ್ತದೆ ಅವಳು ಹೇಳಿದಳು. ಸೂಜಿ, ಗುಳಿ, ಹಾಲು ಬತ್ತಿದ ಎದೆಯ ಕೋಶ, ಕತ್ತಲು. ಹೇಳುತ್ತಿದ್ದಂತೆ ಅದು ಎಷ್ಟು ಸಣ್ಣ ಕೆಲಸವಾಗಿತ್ತೆಂದು ಅವಳಿಗೇ ಅಂಜಿಕೆಯಾಯಿತು. ಒಂದು ಸಣ್ಣ ಬಟ್ಟಲು ಹಾಲು. ಅದನ್ನು ಕೇಳಲಾರದೆ ಹೋದದ್ದಕ್ಕೆ ಮೂರು ನಾಲ್ಕು ಜಿಲ್ಲೆಯ ಕೂಸುಗಳು ಹಸಿದಿವೆ.

ಶಂಕ್ರವ್ವ ಮೊದಲು ನಂಬಲಿಲ್ಲ. ನಂಬಿದ ಮೇಲೆ ಗೋಡೆಗೆ ಮುಖ ತಿರುಗಿಸಿ ಕೂತಳು. ಹಾಲು ಹೊರಗೆ ಹೋದರೆ ಬತ್ತುತ್ತದೆ ಎಂದು ತಾನು ತಡೆದ ಹಾಲು ಹೊರಗೆ ಹೋಗದ್ದಕ್ಕೇ ಈಗ ಬತ್ತಿದೆ ಎಂಬುದು ಅವಳೊಳಗೆ ಇಳಿಯಲು ಹೊತ್ತು ಹಿಡಿಯಿತು. ನೀಲಾ ತಲೆ ತಗ್ಗಿಸಿ, ಅವ್ವ ಬೇಡ ಎಂದಾಗ ನಾನೇ ಗಟ್ಟಿಯಾಗಿ ಹೇಳಬೇಕಿತ್ತು, ಅವ್ವನದೇನೂ ತಪ್ಪಿಲ್ಲ, ಎನ್ನುತ್ತಿದ್ದಳು. ಅಷ್ಟರಲ್ಲಿ ದಾಕ್ಷಿ ಮಾತಾಡಿದಳು. ಅಲ್ಲಿಯವರೆಗೆ ಅವಳು ಕೂಸಿನ ಬೆನ್ನು ತಟ್ಟುತ್ತಲೇ ಇದ್ದಳು.

“ಅವ್ವನ್ನ ಕೇಳಿದಿ. ಅವ್ವ ಒಲ್ಲೆ ಅಂದ್ಲು. ನನ್ನ ಕೇಳಿದ್ಯೇನಕ್ಕಾ?”

ನೀಲಾ ತಲೆಯೆತ್ತಿದಳು.

“ಹಾಲು ಯಾರದಿತ್ತು? ಆಗ ಕುಬುಸ ಹಿಂಡಿದ್ರ ನೀರ ಬಿದ್ದಂಗ ಬೀಳತಿತ್ತು. ಹಿಂಡಿ ಬಚ್ಚಲಕ್ಕ ಚೆಲ್ಲತಿದ್ನಿ ನಾನು. ಒಂದ ಮಾತ ಕೇಳಿದ್ರ ಒಂದ ಚರಿಗಿ ಕೊಡತಿದ್ನಿ.”

ನೀಲಾ ನಾಲ್ಕು ವರ್ಷ ತನ್ನ ತಪ್ಪನ್ನು ಎಷ್ಟೋ ರೀತಿ ಅಳೆದು ನೋಡಿದ್ದಳು. ಅವ್ವನಿಗೆ ಅಂಜಿದ್ದು, ವಾರ್ಡಿನ ಬಾಗಿಲಿಂದ ಮರಳಿದ್ದು, ಡಾಕ್ಟರಿಗೆ ಅರ್ಧ ಮಾತು ಹೇಳಿದ್ದು. ಒಳಕೋಣೆಯಲ್ಲಿ, ಹತ್ತು ಹೆಜ್ಜೆಯಾಚೆ, ಹಾಲಿನ ಒಡತಿ ಕೂತಿದ್ದಳೆಂಬುದು ಮಾತ್ರ ಒಮ್ಮೆಯೂ ಹೊಳೆದಿರಲಿಲ್ಲ. ಬಾಣಂತಿಯನ್ನು ಯಾರೂ ಏನೂ ಕೇಳುವುದಿಲ್ಲ. ಎರೆಯುವ ನೀರು ಎಷ್ಟು ಬಿಸಿಯಿರಬೇಕು, ಏನು ಉಣ್ಣಬೇಕು, ಯಾರು ನೋಡಬೇಕು, ಎಲ್ಲ ಹಿರಿಯರದು. ತಾನೂ ಹಾಗೇ ಮಾಡಿದ್ದಳು.

“ಈಗ ಕೇಳತೀನಿ, ದಾಕ್ಷಿ,” ಎಂದಳು. “ಕೊಡತೀಯೇನ?”

ದಾಕ್ಷಿ ಕೂಸನ್ನು ನೋಡಿದಳು. ಅದು ಬಾಟಲಿಯ ನಿಪ್ಪಲನ್ನು ನಾಲಗೆಯಿಂದ ನೂಕುತ್ತಿತ್ತು. ಕೊಟ್ಟರೆ ಇದಕ್ಕೆ ಈ ಹೊತ್ತಿನದು ಹೋದಂತೆ ಎಂದು ಮೂವರಿಗೂ ಗೊತ್ತಿತ್ತು. ಕೊಟ್ಟರೂ ಹಾಲು ತಿರುಗಿ ಬರುತ್ತದೆಂದು ನೀಲಾ ಹೇಳಲಿಲ್ಲ. ಹೇಳಬೇಕೆನ್ನಿಸಿತು, ಆದರೆ ಅದು ಅವಳಿಗೆ ಗೊತ್ತಿರಲಿಲ್ಲ.

“ಸೀಸೆ ತಗೊಂಡ ಬಂದೀಯೋ, ಬರೇ ಕೈಲೇ ಬಂದೀಯೋ?” ಎಂದಳು ದಾಕ್ಷಿ. ಸಿಟ್ಟು ಇಳಿದಿರಲಿಲ್ಲ.

ಹಿಂಡುವಾಗ ನೋವಿಗೆ ಅವಳು ತುಟಿ ಕಚ್ಚಿದಳು. ಸೀಸೆಯ ತಳ ಮುಚ್ಚುವಷ್ಟು ಬಂತು, ತುಸು ಹಳದಿ, ತುಸು ನೀರು. ನೀಲಾ ಮುಚ್ಚಳ ತಿರುಗಿಸಿ ಮಂಜಿನ ಡಬ್ಬಿಯಲ್ಲಿಟ್ಟಳು. ಹೊಸ್ತಿಲಲ್ಲಿ ಶಂಕ್ರವ್ವ ಅಡ್ಡ ಬಂದಳು. ತಡೆಯಲು ಬಂದಳೆಂದೇ ನೀಲಾ ಅಂದುಕೊಂಡಳು. ಮುದುಕಿಯ ಕೈಯಲ್ಲಿ ನಿನ್ನೆಯ ಒಲೆಯ ಒಂದು ಇದ್ದಿಲ ತುಂಡಿತ್ತು.

“ದಾರ್ಯಾಗ ಯಾರರೆ ನೋಡತಾರ. ಇದನ್ನ ಜೋಡಿ ಇಟಗೊ.”

ಇದ್ದಿಲನ್ನು ಸೀಸೆಯ ಹತ್ತಿರ ಇಡುವಂತಿರಲಿಲ್ಲ. ಬೇಡ ಎನ್ನಲೂ ಆಗಲಿಲ್ಲ. ನೀಲಾ ಒಂದು ಕೈಯಲ್ಲಿ ಮಂಜಿನ ಡಬ್ಬಿ, ಇನ್ನೊಂದು ಮುಷ್ಟಿಯಲ್ಲಿ ಇದ್ದಿಲು ಹಿಡಿದುಕೊಂಡೇ ಆಟೋ ಹತ್ತಿದಳು.

ಹಾಲನ್ನು ಸೋಸಿ, ಕೋಶಗಳನ್ನು ಪ್ರೊಲ್ಯಾಕ್ಟಿನ್ ಬೆರೆತ ನೀರಿನಲ್ಲಿ ಸಾಕಿ, ಹಳೆಯ ಹೊಸ್ತಿಲನ್ನೂ ಮಿಂಚುಹುಳದ ಜೀನನ್ನೂ ಅವುಗಳಿಗೆ ಮುಟ್ಟಿಸಿದರು. ಕೋಶಗಳು ತಳಕ್ಕೆ ಅಂಟಿ ನಿಂತ ಮೇಲೆ ಕತ್ತಲ ಕೋಣೆಯಲ್ಲಿ ಪ್ಲೇಟನ್ನು ಕ್ಯಾಮೆರಾದ ಕೆಳಗಿಟ್ಟರು. ಬೆಳಗದಿರಲಿ ಎಂದು ಒಂದು ಕ್ಷಣ ನೀಲಾಳ ಮನಸ್ಸು ಬೇಡಿತು. ಬೆಳಗದಿದ್ದರೆ ಕಾರಣ ಬೇರೆ, ತಾನು ಹಾಕಿದ ಕೋಶ ಯಾವುದಾಗಿದ್ದರೂ ಒಂದೇ. ಪರದೆಯ ಮೇಲೆ ಮೊದಲು ಪುಪ್ಪುಸದ ಗುಳಿ ಮೂಡಿತು. ಅದರ ಪಕ್ಕದಲ್ಲಿ ಮೆಲ್ಲನೆ ಇನ್ನೊಂದು. ಪುಪ್ಪುಸದ್ದಕ್ಕಿಂತ ಇದು ಹೆಚ್ಚು ಬೆಳಗಿತು.

ಯಾರೋ ಹಿಂದಿನಿಂದ ಸಿಕ್ಕಿತು ಎಂದರು. ಡಾಕ್ಟರ್ ಸಬಿಹಾ ನೀಲಾಳ ಭುಜದ ಮೇಲೆ ಕೈಯಿಟ್ಟು ತೆಗೆದರು. ನೀಲಾ ಆ ಬೆಳಕನ್ನೇ ನೋಡುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಇದೇ ಪರದೆಯ ಮೇಲೆ ಕಾಣಬೇಕಾಗಿದ್ದದ್ದು. ಅವತ್ತು ಕಂಡಿದ್ದರೆ ಅದು ಬರೀ ಒಂದು ಕೆಲಸ ಕೆಟ್ಟ ದಿನವಾಗುತ್ತಿತ್ತು. ಬೇರೆ ಹೊಸ್ತಿಲು ಹುಡುಕುತ್ತಿದ್ದರು. ಪೇಡೆ ಹಂಚುತ್ತಿರಲಿಲ್ಲ, ಅಷ್ಟೇ.

ಚಿಲಕ ಹಾಲಿನ ಕೋಶದಲ್ಲಿ ಕೆಲಸ ಮಾಡಿತು. ಅದಕ್ಕೆ ಒಪ್ಪಿಗೆ ಕೊಡಬೇಕಾದವರು ಕೊಟ್ಟು, ಅದು ಸೂಜಿಯಾಗಿ ವಾರ್ಡುಗಳಿಗೆ ಹೋಗುವಷ್ಟರಲ್ಲಿ ಚಳಿ ಕಳೆದು ಬಿಸಿಲು ಬಿದ್ದಿತ್ತು. ಹಲವು ತಾಯಂದಿರ ಹಾಲು ಮರಳಿತು. ಮೊದಲೇ ಬತ್ತಿದ್ದವರದು ಮರಳಲಿಲ್ಲ. ದಾಕ್ಷಿಗೆ ಬಲಗಡೆ ಮಾತ್ರ ಬಂತು, ಎಡಗಡೆ ಮಲಗಿದ್ದು ಮಲಗಿಯೇ ಇತ್ತು. ಕೂಸು ಬಲಗಡೆ ಕುಡಿದು ಬಾಟಲಿಗೆ ಬಾಯಿ ಹಾಕುತ್ತಿತ್ತು. ಕೇಂದ್ರದ ಮೇಲೆ ನಡೆದ ವಿಚಾರಣೆಯಲ್ಲಿ ನೀಲಾ ನಡೆದದ್ದನ್ನು ಹೇಳಿದಳು, ಡಾಕ್ಟರ್ ಸಬಿಹಾ ತಮ್ಮದನ್ನು ಹೇಳಿದರು. ಡಾಕ್ಟರ್ ಮುಖ್ಯಸ್ಥೆಯ ಕುರ್ಚಿ ಬಿಟ್ಟರು. ನೀಲಾಳನ್ನು ಕೋಶ ಸಾಕುವ ಕೆಲಸದಿಂದ ತೆಗೆದು ಬೇರೆ ಕೆಲಸಕ್ಕೆ ಹಾಕಿದರು. ಇನ್ನು ಮುಂದಿನ ಪ್ಲೇಟಿಗೆ ಬೇಕಾದ ಹಾಲು, ಎಂಜಲು, ಕಣ್ಣೀರು, ಎಲ್ಲವನ್ನೂ ಕೊಡುವವರ ಮುಂದೆ ಕೂತು, ಏಕೆಂದು ತಿಳಿಸಿ, ಕೇಳಿ ತರುವುದು. ಅವಳು ವಾರ್ಡಿಗೆ ಹೋದರೆ ಈಗಲೂ ಅತ್ತೆಯರು ದಿಟ್ಟಿಸುತ್ತಾರೆ. ಅವಳು ಮಂಚದ ಮೇಲಿನವಳನ್ನು ನೋಡಿ ಮಾತಾಡುತ್ತಾಳೆ. ಕೆಲವರು ಒಲ್ಲೆ ಎನ್ನುತ್ತಾರೆ. ಆ ಒಲ್ಲೆಯನ್ನೂ ಮುಚ್ಚಿಡದೆ ಕೇಂದ್ರಕ್ಕೆ ಬಂದು ಹೇಳುತ್ತಾಳೆ.

ತುಳಜಾಬಾಯಿಯ ಮನೆಗೆ ಅವಳು ಒಬ್ಬಳೇ ಹೋಗಿದ್ದಳು. ಮಶೀನಿನ ಮುಂದೆ ಕೂತವಳು ಎಲ್ಲವನ್ನೂ ಕೇಳಿ, ಚಕ್ರ ತಿರುಗಿಸುತ್ತಲೇ, ಆಗಲಿ ಬಿಡವಾ, ಎಂದಿದ್ದಳು. ಕೂಸನ್ನು ನೋಡಲು ಬರ್ರಿ ಎಂದು ಎರಡು ಸಲ ಕರೆದ ಮೇಲೆ ಒಂದು ಸಂಜೆ ಬಂದಳು, ಕೈಯಲ್ಲಿ ಅದೇ ಡಬ್ಬಿ. ಶಂಕ್ರವ್ವ ಕ್ಷಮೆ ಕೇಳುವವಳಲ್ಲ. ನಡುಮನೆಯಲ್ಲಿ ಹೊಸ ಚಾಪೆ ಹಾಸಿ, ಬಾ, ಒಳಗ ಬಾ, ಎಂದಳು.

ತುಳಜಾಬಾಯಿ ಹೊಸ್ತಿಲವರೆಗೆ ಬಂದು ಅಲ್ಲೇ ಹೊರಗಡೆ ಮೆಟ್ಟಿಲ ಮೇಲೆ ಕೂತಳು. ಇಲ್ಲೇ ಗಾಳಿ ಚಲೋ ಬರತೈತಿ ಎಂದಳು. ದಾಕ್ಷಿ ಕೂಸನ್ನು ಎತ್ತಿ ತಂದು ಅವಳ ಮುಂದೆ ಹಿಡಿದಳು. ಅದು ಅವಳೇ ಹೊಲಿದ ಕುಂಚಿಗೆ ತೊಟ್ಟು, ಗಲ್ಲ ತುಂಬಿಕೊಂಡು ನಗುತ್ತಿತ್ತು. ತುಳಜಾಬಾಯಿ ಒಮ್ಮೆ ನೋಡಿ ಮುಖ ಆಚೆ ತಿರುಗಿಸಿದಳು.

“ಏನ ಚಂದಿಲ್ಲ ತಗೀರಿ. ಕರೀ ಕೂಸು. ಮೂಗ ನೋಡು, ಪಡ್ಡ ಇದ್ದಂಗೈತಿ.”

ದಾಕ್ಷಿ ನಕ್ಕಳು. ಶಂಕ್ರವ್ವ ನಗಲು ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತುಳಜಾಬಾಯಿ ಕೂಸಿನತ್ತ ಮತ್ತೆ ತಿರುಗಲಿಲ್ಲ, ಬೀದಿಯ ಎಮ್ಮೆಯನ್ನೇ ನೋಡುತ್ತ ಕೂತಿದ್ದಳು. ಅವಳ ಎರಡೂ ಕೈ ಮಡಿಲಲ್ಲಿ ಒಂದನ್ನೊಂದು ಹಿಡಿದಿದ್ದವು, ಚಾಚದಂತೆ.

ನೀಲಾ ಒಳಗೆ ಹೋದಳು. ನಡುಮನೆಯ ಚಾಪೆಯನ್ನು ಸುತ್ತಿ ಎತ್ತಿಕೊಂಡು ಬಂದು, ಹೊಸ್ತಿಲಾಚೆ ಮೆಟ್ಟಿಲ ಬಳಿ ಹಾಸಿ, ತಾನೂ ಹೊರಗೆ ಕೂತಳು.